ಬೆನ್ನಿಗೆ ಕೂತವಳು

ಅವ್ವ ಅಂದು ಅಂಟು ಆರಿಸುತ್ತ ಕೂತಿದ್ದಳು. ಬಾಣಂತಿಗೆ ಉಂಡೆ ಕಟ್ಟಲು ತುಪ್ಪದಲ್ಲಿ ಹುರಿಯುತ್ತಾರಲ್ಲ, ಆ ಅಂಟು. ಗಿಡದ ತೊಗಟೆಯಿಂದ ಒಸರಿ, ಒಣಗಿ, ಬೆಳಕಿಗೆ ಹಿಡಿದರೆ ಜೇನಿನ ಹಾಗೆ ಕಾಣುವ ಹರಳು. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಗೆ ಬೆಳಗಿನ ಬಿಸಿಲು ಒಂದು ಪಟ್ಟಿಯಷ್ಟೇ ಬರುತ್ತದೆ. ಅವ್ವ ಮೊರವನ್ನು ಆ ಪಟ್ಟಿಯಲ್ಲಿಟ್ಟುಕೊಂಡು, ಬಿಸಿಲು ಸರಿದಂತೆ ತಾನೂ ಸರಿಯುತ್ತ, ಹರಳಿಗೆ ಹತ್ತಿದ ತೊಗಟೆಯ ಚೂರು, ಮಣ್ಣು ಬಿಡಿಸಿ, ಒಳ್ಳೆಯದನ್ನು ಡಬ್ಬಿಗೆ ಹಾಕುತ್ತಿದ್ದಳು. ಪಕ್ಕದ ಮನೆಯ ಮಗ್ಗ ತನ್ನ ಪಾಡಿಗೆ ಸದ್ದು ಮಾಡುತ್ತಿತ್ತು. ನನ್ನ ತಂಗಿ ಸಾವಿತ್ರಿ ತುಂಬು ಹೊಟ್ಟೆ ಹೊತ್ತು ಗೋಡೆಗೆ ಒರಗಿ ಫೋನು ನೋಡುತ್ತಿದ್ದಳು. ನಾನು ಸುಮ್ಮನೆ ಕೂರಲಾರದೆ ಉತ್ತತ್ತಿಯ ಬೀಜ ತೆಗೆಯಲು ಹೋದರೆ ಅವ್ವ ನನ್ನ ಕೈ ಸರಿಸಿದಳು.

"ಅದೆಲ್ಲಾ ಕೂಸು ಹುಟ್ಟಿದ ಮ್ಯಾಲ. ಈಗ ಆರಿಸಿ ಇಡೂದಷ್ಟ. ಹುಟ್ಟೂಕಿಂತ ಮೊದಲ ಉಂಡಿ ಕಟ್ಟಬಾರದವಾ."

ನಮ್ಮ ಕಡೆ ಹಾಗೆಯೇ. ಕೂಸಿನ ಕುಲಾಯಿಯನ್ನಾಗಲಿ ತೊಟ್ಟಿಲನ್ನಾಗಲಿ ಮೊದಲೇ ತಂದಿಡುವುದಿಲ್ಲ. ಬರುವವರು ಬರುವ ಮುಂಚೆ ಅವರ ಹೆಸರಿನಲ್ಲಿ ಎಲೆ ಹಾಕಬಾರದು ಎನ್ನುವ ಸಂಕೋಚ ಅದು. ಆರಿಸಿಡಬಹುದು, ಅಷ್ಟೇ.

ಸಾವಿತ್ರಿ ಫೋನಿನಿಂದ ತಲೆ ಎತ್ತದೆ, "ಅವ್ವಾ, ನೀ ಮಾಡೂ ಕೆಲಸಕ್ಕ ದೊಡ್ಡ ಊರಾಗ ಡೌಲಾ ಅಂತಾರಂತ ನೋಡು," ಎಂದಳು.

"ದೌಲಾ? ಅಂದ್ರ ಏನ, ದೌಲತ್ತಿನಾಕಿ?"

"ಹೆರೂ ಮುಂದ ಜೋಡಿ ಇರಾಕಿ. ಸೂಲಗಿತ್ತಿ ಬ್ಯಾರೆ, ಆಕಿ ಬ್ಯಾರೆ. ಅದಕ್ಕಂತ ಕಲ್ತು ಸರ್ಟಿಫಿಕೇಟ್ ತಗೊಂಡಿರ್ತಾರಂತ."

"ಹಂಗಾರ ನಿಮ್ಮವ್ವ ಸಾಲಿಗೆ ಹೋಗದ ಪಾಸಾದಾಕಿ ಬಿಡು," ಎಂದು ಅವ್ವ ನಕ್ಕಳು. ನಗುವಾಗ ಮೊರ ಅಲುಗಿ ಒಂದೆರಡು ಹರಳು ನೆಲಕ್ಕೆ ಬಿದ್ದವು. ಆ ದಿನವನ್ನು ನಾನು ಎಷ್ಟು ಸಲ ಹಿಂಜಿ ನೋಡಿದರೂ ಅದರಲ್ಲಿ ಒಂದು ಕಸವೂ ಸಿಗುವುದಿಲ್ಲ. ಅವ್ವ ಆರಿಸಿಟ್ಟ ಅಂಟಿನಷ್ಟೇ ಶುಭ್ರ.

ಅವ್ವನ ಕೆಲಸ ಎಂದೆನಲ್ಲ, ಅದನ್ನು ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹೊಟ್ಟೆಪಾಡಿಗೆ ಅವಳು ಮಗ್ಗದವರಿಗೆ ನೂಲು ಸುತ್ತಿ ಕೊಡುತ್ತಿದ್ದಳು. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದ. ಆದರೆ ಓಣಿಯಲ್ಲಿ ಯಾರಿಗೆ ಹೆರಿಗೆಯ ಬ್ಯಾನಿ ಶುರುವಾದರೂ ಇಬ್ಬರಿಗೆ ಕರೆ ಹೋಗುತ್ತಿತ್ತು. ಒಬ್ಬಳು ಸೂಲಗಿತ್ತಿ ಹುಸೇನಬಿ, ಇನ್ನೊಬ್ಬಳು ಅವ್ವ. ಹುಸೇನಬಿ ಮುಂದೆ ಕೂರುವಳು, ಅವ್ವ ಹಿಂದೆ. ಹೆರುವವಳು ಅವ್ವನ ಎದೆಗೆ ಬೆನ್ನು ಕೊಟ್ಟು ಕುಕ್ಕರಿಸುವಳು, ಅವ್ವ ತನ್ನ ಎರಡು ಮೊಣಕಾಲ ನಡುವೆ ಅವಳನ್ನು ಇಟ್ಟುಕೊಂಡು, ಕಂಕುಳ ಕೆಳಗೆ ಕೈ ಕೊಟ್ಟು ಹಿಡಿಯುವಳು. ಇದಕ್ಕೆ ನಮ್ಮ ಓಣಿಯಲ್ಲಿ ಬೆನ್ನಿಗೆ ಕೂಡುವುದು ಎನ್ನುತ್ತಿದ್ದರು. ನಾಡಿ ನೋಡುವುದು, ಕೂಸಿನ ತಲೆ ತಿರುಗಿದೆಯೋ ಇಲ್ಲವೋ ತಿಳಿಯುವುದು, ಕೂಸನ್ನು ಹಿಡಿದುಕೊಳ್ಳುವುದು, ಇದು ನಮ್ಮ ಕೈ ಮೀರಿತು ಗಾಡಿ ಕಟ್ಟಿರಿ ಎನ್ನುವುದು, ಎಲ್ಲ ಮುಂದಿನವಳದು. ಹಿಂದಿನವಳು ಮದ್ದು ಕೊಡುವಂತಿಲ್ಲ, ಮುಟ್ಟಿ ನೋಡುವಂತಿಲ್ಲ, ಹೀಗೆ ಮಾಡೋಣ ಹಾಗೆ ಮಾಡೋಣ ಎನ್ನುವಂತಿಲ್ಲ. ಅವಳು ಎದ್ದು ಹೋಗುವಂತಿಲ್ಲ, ಅಷ್ಟೇ ಅವಳ ಕೆಲಸ.

ಇನ್ನೊಂದು ಕಟ್ಟೂ ಇತ್ತು. ಬೆನ್ನಿಗೆ ಕೂತವಳು ಮುಂದಕ್ಕೆ ಬಗ್ಗಿ ನೋಡಬಾರದು. ಬಗ್ಗಿದರೆ ಹೆರುವವಳ ಆಧಾರ ತಪ್ಪುತ್ತದೆ. ಹಾಗಾಗಿ ಓಣಿಯ ಅರ್ಧ ಮಕ್ಕಳು ಹುಟ್ಟುವಾಗ ಆ ಕೋಣೆಯಲ್ಲಿದ್ದ ಅವ್ವ, ಒಂದು ಕೂಸು ಹುಟ್ಟುವುದನ್ನೂ ಕಣ್ಣಾರೆ ಕಂಡವಳಲ್ಲ. ಅವಳು ಕಂಡದ್ದು ಹೆಂಗಸರ ಬೈತಲೆ, ಹೆರಳು, ಬೆವೆತ ಕುತ್ತಿಗೆ. ಎಲ್ಲರೂ ನೋಡಿಯಾದ ಮೇಲೆ ಕೂಸು ಕಡೆಗೆ ಅವಳ ಕೈಗೆ ಬರುತ್ತಿತ್ತು.

ಮುಂದೆ ಹೆರಿಗೆಗಳು ದವಾಖಾನೆಗೆ ಹೋದವು. ಒಳ್ಳೆಯದೇ ಆಯಿತು ಎಂದು ಮೊದಲು ಹೇಳಿದವಳು ಹುಸೇನಬಿ. ತನ್ನ ಕೈಯಲ್ಲಿ ಉಳಿಯದ ಜೀವಗಳನ್ನು ಅವಳು ಮರೆತಿರಲಿಲ್ಲ. ಅವಳ ಕೆಲಸ ನಿಂತಿತು. ಅವ್ವನದು ನಿಲ್ಲಲಿಲ್ಲ. ಮುಂದೆ ಕೂರುವ ಸೂಲಗಿತ್ತಿಯ ಜಾಗಕ್ಕೆ ಕಲಿತ ನರ್ಸಮ್ಮ ಬಂದಳು, ಹಿಂದಿನ ಜಾಗ ಬಹಳ ವರ್ಷ ಖಾಲಿಯೇ ಉಳಿಯಿತು. ಓಣಿಯವರು ಕರೆದಾಗ ಅವ್ವ ದವಾಖಾನೆಯ ಹೊರಗೆ ನೆಲದ ಮೇಲೆ ಕೂತು ಬರುತ್ತಿದ್ದಳು. ಈಚೆಗೆ ಹೆರಿಗೆ ಕೋಣೆಗೆ ಮನೆಯ ಹೆಂಗಸೊಬ್ಬಳನ್ನು ಬಿಡುವ ರೂಢಿ ಬಂದ ಮೇಲೆ ಅವ್ವನಿಗೆ ಮತ್ತೆ ತನ್ನ ಜಾಗ ಸಿಕ್ಕಿತು.

ಒಂದು ಸಂಗತಿ ಮಾತ್ರ ನನಗೆ ಬಗೆಹರಿದಿರಲಿಲ್ಲ. ಬೆನ್ನಿಗೆ ಕೂತಾಗ ಅವ್ವ ಹೆರುವವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳಂತೆ. ಹೇಳುತ್ತಲೇ ಇರುತ್ತಿದ್ದಳಂತೆ. ಏನು ಹೇಳುತ್ತೀ ಎಂದು ಎಷ್ಟೋ ಸಲ ಕೇಳಿದ್ದೇನೆ. "ನೆಪ್ಪಿಲ್ಲವಾ," ಎಂದುಬಿಡುತ್ತಿದ್ದಳು. ನೆನಪಿಲ್ಲವೆಂದರೆ ನಾನು ನಂಬಲಿಲ್ಲ. ಏನೋ ಮಂತ್ರವಿರಬೇಕು, ಬಾಯಿಬಿಟ್ಟರೆ ಫಲ ಹೋಗುತ್ತದೇನೋ ಎಂದುಕೊಂಡಿದ್ದೆ.

ನನಗೂ ಅದನ್ನು ಕೇಳುವ ಕಾಲ ಬಂದಿತ್ತು, ಕೇಳಲಾಗಲಿಲ್ಲ. ನನ್ನ ಎರಡು ಮಕ್ಕಳೂ ಆಪರೇಷನ್ನಿನಿಂದ ಹುಟ್ಟಿದವರು. ನನ್ನ ಬೆನ್ನಿಗೆ ಕೂತದ್ದು ಸೂಜಿ. ಸೊಂಟದ ಕೆಳಗೆ ಏನೂ ತಿಳಿಯದೆ ಮಲಗಿದ್ದಾಗ ಅವ್ವ ಹೊರಗೆ ಮೆಟ್ಟಿಲ ಮೇಲೆ ಊಟದ ಡಬ್ಬಿ ಹಿಡಿದು ಕೂತಿದ್ದಳು. ದೂರುತ್ತಿಲ್ಲ, ಆ ಸೂಜಿಯಿಂದಲೇ ನಾನೂ ಮಕ್ಕಳೂ ಉಳಿದೆವು.

ಅಂಟು ಆರಿಸಿದ ಮರುದಿನ ನಾವು ಅಕ್ಕ ತಂಗಿ ನಮ್ಮ ನಮ್ಮ ಬಸ್ಸು ಹತ್ತಿದೆವು. ನಾನು ಬಾಗಲಕೋಟೆಯ ನವನಗರಕ್ಕೆ, ಗಂಡನ ಮನೆಗೆ. ಸಾವಿತ್ರಿ ಬಾದಾಮಿಗೆ, ನಾದಿನಿಯ ನಿಶ್ಚಯ ಮುಗಿಸಿ ಹೆರಿಗೆಗೆ ಬರುತ್ತೇನೆಂದು. ಅದರ ಮರುದಿನ ಬೆಳಿಗ್ಗೆ ನೀರು ತುಂಬಿ ಬಂದ ಅವ್ವ ಕೊಡ ಇಳಿಸಿ, ಎದೆ ಹಿಡಿದುಕೊಂಡು ಕಟ್ಟೆಗೆ ಒರಗಿದಳು. ಪಕ್ಕದ ಮನೆಯವರು ನೋಡುವಷ್ಟರಲ್ಲಿ ಮುಗಿದಿತ್ತು.

ಬಸುರಿ ಹೆಣ್ಣು ಹೆಣ ನೋಡಬಾರದು ಎಂದು ಹಿರಿಯರು ಸಾವಿತ್ರಿಯನ್ನು ಬಾದಾಮಿಯಲ್ಲೇ ಉಳಿಸಿದರು. ಅವಳ ಒಳ್ಳೆಯದಕ್ಕೇ ಹೇಳಿದರು, ನಾನೂ ಹೂಂ ಎಂದೆ.

ದಿನಕರ್ಮ ಮುಗಿದ ಮೇಲೆ ನಾನು ಬಾದಾಮಿಗೆ ಹೋದೆ. ತವರಿಲ್ಲದ ಮೇಲೆ ಅಕ್ಕನ ಮನೆಯೇ ತವರು, ಅವಳನ್ನು ನವನಗರಕ್ಕೆ ಕರೆತರಬೇಕಿತ್ತು. ಅವಳ ಗಂಡ ಸ್ಟೇಷನ್ನಿನಿಂದ ಗುಹೆಗಳಿಗೆ ಆಟೋ ಓಡಿಸುವವನು, ಬಾಗಿಲಲ್ಲೇ ಸಿಕ್ಕು, "ಚೀಲಾ ಕಟ್ಟು ಅಂದ್ರ ಕಟ್ಟವಲ್ಳರೀ ಅಕ್ಕಾರ. ಡಾಕ್ಟರ ಕಡೆ ಬಾ ಅಂದ್ರ ಬರವಲ್ಳು. ನೀವರ ಒಂದೀಟ ಹೇಳ್ರಿ," ಎಂದು ತಗ್ಗಿದ ದನಿಯಲ್ಲಿ ಹೇಳಿದ. ಸಾವಿತ್ರಿ ಒಳಗೆ ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು. ಕಿಟಕಿಯ ಆಚೆ ಕೆಂಪು ಬಂಡೆ ಬಿಸಿಲಿಗೆ ಕಾಯುತ್ತಿತ್ತು. ಅವಳು ಅಳುತ್ತಿರಲಿಲ್ಲ.

"ನೀವೆಲ್ಲಾರೂ ನೋಡೀರಿ. ನಾ ನೋಡಿಲ್ಲಲ್ಲಕ್ಕಾ. ನನಗ ಆಕಿ ಇಳಕಲ್ಲಾಗ ಅದಾಳ."

ನಾನು ಅವಳ ಪಕ್ಕ ಹೋಗಿ ಕೂತೆ.

"ನನ್ನ ಬೆನ್ನಿಗೆ ಯಾರು ಕುಂದರತಾರ?" ಎಂದಳು.

"ನಾ ಕುಂದರತೇನಿ."

"ನಿನಗೇನ ಗೊತ್ತೈತಿ? ನಿನಗ ಬ್ಯಾನೀನ ಬಂದಿಲ್ಲ."

ಅದು ಚುಚ್ಚು ಮಾತು, ಆದರೆ ಖರೆ. ಬ್ಯಾನಿ ಕಾಣದವಳು, ಬೆನ್ನಿಗೆ ಯಾರೂ ಕೂರದವಳು, ಇನ್ನೊಬ್ಬಳ ಬೆನ್ನಿಗೆ ಹೇಗೆ ಕೂರಬೇಕು? ಅವಳಿಗೆ ಹೆರಿಗೆಯ ಭಯ ಇದ್ದದ್ದೇ, ಆದರೆ ಆ ಭಯವನ್ನು ಇಟ್ಟುಕೊಳ್ಳಲು ಅವಳಿಗೊಂದು ಜಾಗವಿತ್ತು, ಆ ಜಾಗ ಹೋಗಿತ್ತು. ಹೀಗೆ ಮೈ ಬಿಗಿಹಿಡಿದವಳು ಆ ದಿನ ಹೇಗೆ ತಾಳುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ಅವ್ವನನ್ನು ಕಳೆದುಕೊಂಡ ಮನೆ ಇನ್ನೊಂದು ಜೀವ ಕಳೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ನಾನು ಇಳಕಲ್ಲಿಗೆ ಹೋದೆ. ಆ ಮಂತ್ರ ಯಾವುದೆಂದು ಕೇಳಿ ಬರೋಣ ಎಂಬುದೊಂದೇ ಯೋಚನೆ. ಹುಸೇನಬಿ ಈಗ ಕಣ್ಣು ಮಂಜಾಗಿ ಬಾಗಿಲ ಬಳಿಯ ಹೊರಸಿನ ಮೇಲೇ ಇರುತ್ತಾಳೆ. ನನ್ನ ದನಿ ಕೇಳಿ ಕೈ ಚಾಚಿದಳು.

"ಚಾಚಿ, ಅವ್ವ ಬೆನ್ನಿಗೆ ಕುಂತಾಗ ಕಿವ್ಯಾಗ ಏನ ಹೇಳ್ತಿದ್ಳು?"

"ನನಗೇನ ಗೊತ್ತವಾ? ಮುಂದ ಕುಂತಾಕಿಗೆ ಮುಂದಿಂದs ಸಾಕಾಗಿರ್ತಿತ್ತು. ಒಂದು ಮಾತು ಹೇಳ್ತೇನಿ ಕೇಳು. ನಿಮ್ಮವ್ವ ಹಿಂದ ಇದ್ರ ಹುಡುಗಿ ನನ್ನ ಮಾತು ಕೇಳ್ತಿತ್ತು. ನಿಮ್ಮವ್ವ ಇಲ್ಲಂದ್ರ ನನ್ನ ಒದೀತಿತ್ತು." ಹೇಳಿ ಹುಸೇನಬಿ ತನ್ನ ಮುಂದಿನ ಹಲ್ಲಿಲ್ಲದ ಜಾಗ ತೋರಿಸಿದಳು. "ನೋಡು, ಇದು ಅಂಥಾದ್ದs ಒಂದು ಒದಿ."

ಆಮೇಲೆ ಓಣಿಯಲ್ಲಿ ಅವ್ವನ ಎದೆಗೆ ಒರಗಿ ಹೆತ್ತವರನ್ನು ಒಬ್ಬೊಬ್ಬರನ್ನೇ ಕೇಳಿದೆ. ಕೇಳಿದವರೆಲ್ಲರ ಮುಖ ಒಂದು ಗಳಿಗೆ ಬೆಳಗಿತು, ಎಲ್ಲರಿಗೂ ನೆನಪಿತ್ತು, ಆದರೆ ಒಬ್ಬರ ಉತ್ತರ ಇನ್ನೊಬ್ಬರದಲ್ಲ. ಒಬ್ಬಳಿಗೆ ಅವ್ವ ಹುಣಸೆಹಣ್ಣಿನ ಚಟ್ನಿ ಅರೆಯುವ ಬಗೆಯನ್ನು ಮೊದಲಿನಿಂದ ಕಡೆಯವರೆಗೆ ಹೇಳಿದಳಂತೆ. ಇನ್ನೊಬ್ಬಳಿಗಾಗಿ ಅವಳ ಗಂಡನನ್ನು ಏಳು ತಲೆಮಾರು ಹಿಡಿದು ಬೈದಳಂತೆ, ಆ ನೋವಿನಲ್ಲೂ ಇವಳಿಗೆ ನಗು ತಡೆಯಲಾಗಲಿಲ್ಲವಂತೆ. ಮತ್ತೊಬ್ಬಳಿಗೆ ಏನೂ ಹೇಳಲಿಲ್ಲ, ಕಿವಿಯ ಹತ್ತಿರ ಸುಮ್ಮನೆ ಉಸಿರಾಡಿದಳು, ಆ ಉಸಿರಿನ ಹಿಂದೆ ಹಿಂದೆ ನಾನೂ ಉಸಿರಾಡಿದೆ ಎಂದಳು. ಮಂತ್ರ ಎಲ್ಲಿಯೂ ಇರಲಿಲ್ಲ. ಇಲ್ಲವೆಂದು ತಿಳಿದಾಗ ಒಂದು ಬಗೆಯ ಹಗುರವೂ ಆಯಿತು: ಕಲಿಯದೆ ಹೋದೆನಲ್ಲ ಎಂದು ಕೊರಗಲು ಅಲ್ಲೇನೂ ಇರಲಿಲ್ಲ. ನಮ್ಮೂರ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುತ್ತಾರೆ. ಉಟ್ಟವರಿಗೆ ಒಡಲು ಕಾಣುತ್ತದೆ, ನೋಡುವವರಿಗೆ ಸೆರಗು ಕಾಣುತ್ತದೆ, ಕೊಂಡಿಯನ್ನು ಯಾರೂ ಹುಡುಕುವುದಿಲ್ಲ. ಅವ್ವ ಬಹುಶಃ ಪ್ರತಿಯೊಬ್ಬಳಿಗೂ ಅವಳದೇ ಬಣ್ಣದ ಎಳೆ ಹುಡುಕಿ ಕೊಂಡಿ ಹಾಕುತ್ತಿದ್ದಳು.

ಬರುವಾಗ ಅವ್ವನ ಮನೆಯ ಬೀಗ ತೆಗೆದೆ. ಅಂಟಿನ ಡಬ್ಬಿ ಅವಳು ಇಟ್ಟಲ್ಲೇ ಇತ್ತು, ಬಾಯಿಗೆ ಹಳೆಯ ಕುಪ್ಪಸದ ಬಟ್ಟೆ ಬಿಗಿದು ಕಟ್ಟಿತ್ತು. ಅದನ್ನು ತೆಗೆದುಕೊಂಡು ನೇರ ಬಾದಾಮಿಗೆ ಹೋದೆ. ಡಬ್ಬಿಯನ್ನು ಸಾವಿತ್ರಿಯ ಮುಂದೆ ಇಟ್ಟೆ. ಅವಳು ಗಂಟು ಬಿಚ್ಚಿ, ಒಂದು ಹರಳು ಎತ್ತಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಮತ್ತೊಂದು ಎತ್ತಿದಳು. ತಳದವರೆಗೂ ಕೈ ಹಾಕಿ ನೋಡಿದಳು.

"ಎಲ್ಲಾ ಆರಿಸ್ಯಾಳಲ್ಲಕ್ಕಾ," ಎಂದಳು. "ಒಂದೂ ಬಿಟ್ಟಿಲ್ಲ."

ಆಗ ಅತ್ತಳು. ತೀರಿಕೊಂಡವಳ ಮುಖ ನೋಡದ ಮಗಳು ಅವಳು ಮುಗಿಸಿಟ್ಟ ಕೆಲಸವನ್ನು ನೋಡಿ ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ಇದನ್ನ ನನ್ನ ಚೀಲದಾಗ ಇಡಬ್ಯಾಡ, ನಿನ್ನ ಚೀಲದಾಗ ಇಡು. ನಾ ಕೆಡವ್ತೇನಿ," ಎಂದಳು. ಅಂದರೆ ಅವಳದೂ ಒಂದು ಚೀಲ ಇರಲಿದೆ ಎಂದು ಅರ್ಥವಾಗಿ ನಾನು ಡಬ್ಬಿಯ ಬಾಯಿ ಮತ್ತೆ ಬಿಗಿದು ಕಟ್ಟಿದೆ.

ನವನಗರದಲ್ಲಿ ಒಂದು ಬೆಳಿಗ್ಗೆ, ನಾನು ರೊಟ್ಟಿ ತಟ್ಟುತ್ತಿದ್ದಾಗ, ಬ್ಯಾನಿ ಶುರುವಾಗಿ ಸಾವಿತ್ರಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ ನೋಡುವ ಸಿಸ್ಟರ್ ಹುನಗುಂದ ಕಡೆಯವರು, ಗಟ್ಟಿ ದನಿ, ಚುರುಕು ಕೈ. ಕೂಸಿನ ಎದೆಬಡಿತ ಕೇಳಿದರು, ಕೈಯಿಂದ ಹೊಟ್ಟೆ ಸವರಿ ನೋಡಿದರು, ಬಿ.ಪಿ. ನೋಡಿದರು. ನಂತರ ನನ್ನತ್ತ ತಿರುಗಿ, "ಜೋಡಿ ನೀವs ಏನ್ರಿ? ಬರ್ರಿ. ಆದರ ನನ್ನ ಕೆಲಸದಾಗ ಬಾಯಿ ಹಾಕಬ್ಯಾಡ್ರಿ, ನಾನೂ ನಿಮ್ಮ ಕೆಲಸದಾಗ ಹಾಕಂಗಿಲ್ಲ," ಎಂದರು. ಸಾವಿತ್ರಿಯನ್ನು ಮಲಗಿಸಿ ಬಿಡಲಿಲ್ಲ. ನಡೆಸಿದರು, ನಿಲ್ಲಿಸಿದರು, ಮಂಚದ ಅಂಚಿಗೆ ಕೂರಿಸಿದರು. ನಾನು ಅವಳ ಹಿಂದೆ ಹತ್ತಿ ಕೂತು, ಅವ್ವ ಕೂರುತ್ತಿದ್ದಂತೆ ಕಂಕುಳ ಕೆಳಗೆ ಕೈ ಕೊಟ್ಟೆ. ಅವಳ ಭಾರವೆಲ್ಲ ನನ್ನ ಎದೆಯ ಮೇಲೆ ಬಂತು. ಇಷ್ಟು ಭಾರವನ್ನು ಅವ್ವ ಊರ ಹೆಂಗಸರಿಗೆಲ್ಲ ಹೇಗೆ ಹೊತ್ತಳೋ.

ಹೊತ್ತು ನೆತ್ತಿಗೆ ಬಂತು. ಅವಳ ಬೈತಲೆಯ ಕುಂಕುಮ ಬೆವರಿಗೆ ಕರಗಿ ಕಿವಿಯತ್ತ ಇಳಿಯಿತು. ನಾನು ಏನೋ ಹೇಳುತ್ತಿದ್ದೆ, ಹೇಳುತ್ತಲೇ ಇದ್ದೆ. ಆಗ ಸಿಸ್ಟರ್, "ತಲಿ ಕಾಣಾಕತ್ತೇತಿ," ಎಂದರು, ಮತ್ತು ಅದೊಂದು ಮಾತಿಗೆ ನಾನು ನನ್ನ ಕೆಲಸ ಮರೆತುಬಿಟ್ಟೆ. ಅವಳ ಹೆಗಲ ಮೇಲಿನಿಂದ ಮುಂದಕ್ಕೆ ಬಗ್ಗಿ, ಅದೂ ಸಾಲದೆ ಒಂದು ಕಾಲು ಮಂಚದಿಂದ ಇಳಿಸಿ, ನೋಡಲು ಹೋದೆ. ಸಾವಿತ್ರಿ ನನ್ನ ಕೈಯಿಂದ ಜಾರಿ ಒಂದು ಕಡೆಗೆ ವಾಲಿ, "ಅವ್ವಾ!" ಎಂದು ಚೀರಿದಳು.

"ಏ ಅಕ್ಕಾರ, ಎಲ್ಲಿ ಬಂದ್ರಿ?" ಸಿಸ್ಟರ್ ಗದರಿದರು. "ಇಲ್ಲಿ ನೋಡಾಕ ನಾ ಅದೇನಿ. ಅಲ್ಲಿ ಹಿಡಿಯಾಕ ಯಾರದಾರ? ಹಿಂದಕ್ಕ ಹೋಗ್ರಿ ಮೊದಲ!"

ಹಿಂದಕ್ಕೆ ಹೋದೆ. ಅವಳನ್ನು ಎಳೆದು ಎದೆಗೆ ಒತ್ತಿಕೊಂಡೆ. ಮತ್ತೆ ಬಗ್ಗಲಿಲ್ಲ. ಮುಂದೆ ಏನು ನಡೆಯಿತೋ ನನಗೆ ಕಾಣಲಿಲ್ಲ. ನನಗೆ ಕಂಡದ್ದು ಒಂದು ಬೈತಲೆ, ಸಡಿಲಾದ ಹೆರಳು, ಕರಿಮಣಿ ಸರ ಅಂಟಿಕೊಂಡ ಕುತ್ತಿಗೆ. ನೋಡದೆ ಇರುವುದು ಎಷ್ಟು ಕಷ್ಟ ಎಂಬುದು ಅಲ್ಲಿ ಕೂತವರಿಗೇ ಗೊತ್ತು. ನಮ್ಮ ಜೀವಕ್ಕೆ ಜೀವವಾದದ್ದೊಂದು ನಮ್ಮ ಕೈಯಳತೆಯಲ್ಲೇ ನಡೆಯುವಾಗ, ಅದನ್ನು ಇನ್ನೊಬ್ಬಳ ಕೈಗೆ ಬಿಟ್ಟು, ಆ ಕೈಯನ್ನು ನಂಬಿ, ನಾವು ಬರೀ ಒರಗುವ ಗೋಡೆಯಾಗಿರಬೇಕು. ಮುಂದಿನವಳಿಗೆ ಕೂಸಿನ ಕಾಳಜಿ, ತಾಯಿಯ ರಕ್ತದ ಕಾಳಜಿ, ಯಾವಾಗ ಡಾಕ್ಟರನ್ನು ಕರೆಯಬೇಕೆಂಬ ಕಾಳಜಿ. ಅವಳು ಅದನ್ನೆಲ್ಲ ಬಿಟ್ಟು ಸಮಾಧಾನ ಹೇಳುತ್ತ ಕೂರಲಾರಳು. ಹಿಂದಿನವಳಿಗೆ ಇರುವುದು ಒಂದೇ, ಈ ಹೆಣ್ಣು. ಒಬ್ಬಳ ಕೆಲಸ ಇನ್ನೊಬ್ಬಳಿಗಿಂತ ದೊಡ್ಡದಲ್ಲ, ಆದರೆ ಒಬ್ಬಳ ಕೆಲಸವನ್ನು ಇನ್ನೊಬ್ಬಳು ಮಾಡಲಾಗದು.

ಕೂಸು ಅತ್ತದ್ದು ಕೇಳಿತು. ಸಾವಿತ್ರಿಯ ಮೈ ನನ್ನ ಮೇಲೆ ಒಮ್ಮೆಲೇ ಸಡಿಲಾಯಿತು. "ಹೆಣ್ಮಗಳ್ರಿ, ಗಟ್ಟಿ ಅದಾಳ," ಎಂದರು ಸಿಸ್ಟರ್. ನಾನು ತಂಗಿಯ ಕೆನ್ನೆ ಮುಟ್ಟಿ ನೋಡಿದೆ. ಅವರೇ ತಿಳಿದು, "ತಾಯೀನೂ ಆರಾಮ ಅದಾಳ," ಎಂದು ಸೇರಿಸಿದರು. ಕೂಸನ್ನು ಅವಳ ಎದೆಗೆ ಕೊಟ್ಟರು. ನನಗೆ ಕಂಡದ್ದು ಪುಟ್ಟ ಒದ್ದೆ ನೆತ್ತಿ ಮಾತ್ರ. ಒಳಗಿನವರೆಲ್ಲ ನೋಡಿಯಾದ ಮೇಲೆ, ಹೊರಗೆ ನಿಂತಿದ್ದ ಕೂಸಿನ ಅಪ್ಪನೂ ನೋಡಿಯಾದ ಮೇಲೆ, ಕಡೆಗೆ ಅದು ನನ್ನ ಕೈಗೆ ಬಂತು. ಅಷ್ಟು ಹೊತ್ತು ಹಿಡಿದಿಟ್ಟ ಉಸಿರನ್ನು ನಾನು ಆಗ ಬಿಟ್ಟೆ. ಅವ್ವ ಹೋದಾಗಿನಿಂದ ಬಿಟ್ಟಿರಲಿಲ್ಲವೇನೋ.

ಈಗ ಅಂಟು ಹುರಿಯುತ್ತಿದ್ದೇನೆ. ತುಪ್ಪಕ್ಕೆ ಬಿದ್ದ ಹರಳು ಅರಳಿ ಬೆಳ್ಳಗಾಗಿ ಹೂವಾಗುತ್ತದೆ, ನೋಡಿದ್ದೀರಲ್ಲ? ಅವ್ವ ಆರಿಸಿದ್ದು ಎಷ್ಟು ಚೊಕ್ಕವೆಂದರೆ ಬಾಣಲೆಯ ತಳದಲ್ಲಿ ಒಂದು ಕರಿ ಚುಕ್ಕೆಯೂ ಉಳಿಯುವುದಿಲ್ಲ. ಒಣ ಕೊಬ್ಬರಿ ತುರಿದಾಗಿದೆ, ಉತ್ತತ್ತಿ ಕುಟ್ಟಿಯಾಗಿದೆ, ಒಂದು ಸುತ್ತು ಉಂಡೆ ಕಟ್ಟಿಯೂ ಆಗಿದೆ. ಸಾವಿತ್ರಿ ಮಂಚದ ಮೇಲೆ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು, ಮೊದಲ ಉಂಡೆಯನ್ನು ಮುರಿಯುತ್ತ, ಇದ್ದಕ್ಕಿದ್ದಂತೆ ನಗತೊಡಗಿದಳು.

"ಅಕ್ಕಾ, ಆವತ್ತ ನೀ ನನ್ನ ಕಿವ್ಯಾಗ ಏನ ಹೇಳಾಕತ್ತಿದ್ದಿ ಗೊತ್ತೈತೇನ?"

ನಾನು ಯೋಚಿಸಿದೆ. ಹೇಳಿದ್ದು ನೆನಪಿದೆ, ಏನು ಹೇಳಿದೆನೋ ಒಂದಕ್ಷರವೂ ನೆನಪಿಲ್ಲ.

"ನೆಪ್ಪಿಲ್ಲ," ಎಂದೆ.

"ಕಂಡಕ್ಟರ ಆಗಿದ್ದಿ! ಒಂದೊಂದು ಬ್ಯಾನಿಗೂ, 'ಇಳಕಲ್ಲ ಬಿಟ್ವಿ ನೋಡು, ಈಗ ಹುನಗುಂದ ಬಂತು, ಇನ್ನ ಅಮೀನಗಡ, ಅಮೀನಗಡದಾಗ ಇಳದು ಕರದಂಟು ಕೊಡಸ್ತೇನಿ ಸುಮ್ನಿರು' ಅಂತಿದ್ದಿ. ನಾನೂ ಅಷ್ಟ ನೋವಿನ್ಯಾಗ ಕರದಂಟಿನ ಹಾದಿ ಕಾಯಾಕತ್ತಿದ್ದೆ. ಅವ್ವನಂಗs ನೀನೂ ಕೊಡಸಲಿಲ್ಲ ಬಿಡು."

ನಾವು ಚಿಕ್ಕವರಿದ್ದಾಗ ಬಾಗಲಕೋಟೆಯ ಬಸ್ಸಿನಲ್ಲಿ ವಾಂತಿ ಬಂದು ಅಳುವ ನಮ್ಮಿಬ್ಬರನ್ನು ಸುಮ್ಮನಿರಿಸಲು ಅವ್ವ ಹೇಳುತ್ತಿದ್ದ ಮಾತು ಅದು. ಅಂಟು ಬೆಲ್ಲ ಹಾಕಿ ಮಾಡುವ ಕರದಂಟಿಗೆ ಹೆಸರಾದ ಅಮೀನಗಡದಲ್ಲಿ ಅವಳು ಒಮ್ಮೆಯೂ ಇಳಿಯಲಿಲ್ಲ. ಆದರೆ ಊರು ಬರುತ್ತಿತ್ತು, ಬಸ್ಸಿನಿಂದ ಇಳಿಯುತ್ತಿದ್ದೆವು, ಅಳು ಮರೆತಿರುತ್ತಿತ್ತು.

ನೆಪ್ಪಿಲ್ಲವಾ ಎಂದು ಅವ್ವ ಹೇಳಿದ್ದು ಸುಳ್ಳಾಗಿರಲಿಲ್ಲ. ಹೇಳಿದವಳ ಹತ್ತಿರ ಆ ಮಾತು ಉಳಿಯುವುದಿಲ್ಲ, ಕೇಳಿದವಳ ಹತ್ತಿರ ಉಳಿಯುತ್ತದೆ. ಓಣಿಯ ಹೆಂಗಸರಲ್ಲಿ ಒಬ್ಬಳಿಗೆ ಚಟ್ನಿ, ಒಬ್ಬಳಿಗೆ ಬೈಗುಳ, ಒಬ್ಬಳಿಗೆ ಉಸಿರು. ಸಾವಿತ್ರಿಗೆ ಬಸ್ಸಿನ ಊರುಗಳು. ಅವು ನನ್ನ ಬಾಯಿಂದ ಬಂದರೂ ಅವ್ವನವೇ.

ಉಂಡೆಗಳು ಚೆನ್ನಾಗಿ ಕೂತಿವೆ, ಒಂದೂ ಒಡೆದಿಲ್ಲ. ಕೂಸು ಹಾಲು ಕುಡಿದು ಮಲಗಿದೆ. ತಂಗಿ ಎರಡನೆಯ ಉಂಡೆಗೆ ಕೈ ಚಾಚಿದ್ದಾಳೆ. ಇಷ್ಟು ಸಿಕ್ಕಿತಲ್ಲ ಎಂದು ನಾನು ದೇವರಿಗೆ ಕೈ ಮುಗಿದಿದ್ದೇನೆ.

ನನ್ನ ಬೆನ್ನಿಗೆ ಅವ್ವ ಕೂರಲಿಲ್ಲ. ಕೂತಿದ್ದರೆ ನನ್ನ ಕಿವಿಯಲ್ಲಿ ಅವಳು ಏನು ಹೇಳುತ್ತಿದ್ದಳೋ, ಅದು ಯಾರ ಹತ್ತಿರವೂ ಇಲ್ಲ.